ಅಪ್ಪನ ಹೊಸ ಸಂಗಾತಿ, ಅವ್ವನ ಬಂಗಾರ, ಅಜ್ಜನ ಹೊಲ

ಪ್ರಶ್ನೆ: ನನಗೆ 34 ವರ್ಷ, ಮದುವೆಯಾಗಿ ಬಾಗಲಕೋಟೆಯಲ್ಲೇ ಇದ್ದೇನೆ. ಅಪ್ಪನಿಗೆ 63. ಸರ್ಕಾರಿ ಹೈಸ್ಕೂಲು ಮಾಸ್ತರರಾಗಿ ನಿವೃತ್ತರಾದವರು, ನವನಗರದ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಅವ್ವ ತೀರಿಕೊಂಡು ಐದು ವರ್ಷ. ಅಣ್ಣ ಪುಣೆಯಲ್ಲಿದ್ದಾನೆ. ಅಪ್ಪನ ಮೊಬೈಲಿಗೆ ರೀಚಾರ್ಜ್ ಮಾಡಿಕೊಡುವಾಗ, ಜಮಖಂಡಿಯ ಒಬ್ಬ ಮಹಿಳೆಗೆ ಪ್ರತಿ ತಿಂಗಳು 8,000 ರೂಪಾಯಿ ಹೋಗುತ್ತಿರುವುದು ಕಣ್ಣಿಗೆ ಬಿತ್ತು. ಆಕೆ ವಿಧವೆ. ಸರ್ಕಾರಿ ನೌಕರಿಯಲ್ಲಿದ್ದ ಗಂಡ 2012ರಲ್ಲಿ ತೀರಿಕೊಂಡರಂತೆ, ಅವರ ಪಿಂಚಣಿ ಈಕೆಗೆ ಬರುತ್ತದೆ. 19 ವರ್ಷದ ಮಗನಿದ್ದಾನೆ, ಅವನ ಡಿಪ್ಲೊಮಾ ಫೀ ಕಟ್ಟುವವರೂ ಅಪ್ಪನೇ. ಸೋದರತ್ತೆಯನ್ನು ಕೇಳಿದರೆ, ಈ ಸಂಬಂಧ ಅವ್ವ ಬದುಕಿದ್ದಾಗಿನದು, ಆ ಹುಡುಗ ನಿಮ್ಮಪ್ಪನ ಮಗನೇ ಇದ್ದರೂ ಇರಬಹುದು ಎಂದುಬಿಟ್ಟರು. ನಮಗೆ ಅಜ್ಜನ ಕಾಲದ 9 ಎಕರೆ ಹೊಲ, ಆಲಮಟ್ಟಿ ಅಣೆಕಟ್ಟಿನ ಮುಳುಗಡೆ ಪರಿಹಾರದಲ್ಲಿ ಕಟ್ಟಿದ ಈ ಮನೆ, ಲಾಕರಿನಲ್ಲಿ ಅವ್ವನ ಬಂಗಾರ ಇವೆ. ಅಣ್ಣನಿಗೆ ಹೇಳಲೇ? ಅಪ್ಪ ಆಕೆಯನ್ನು ಮದುವೆಯಾದರೆ ನಮಗೇನು ಉಳಿಯುತ್ತದೆ? ಆ ಹುಡುಗ ಪಾಲು ಕೇಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಒಂದು, ಅಪ್ಪನಿಗೆ ಈಗ ಒಬ್ಬ ಸಂಗಾತಿ ಇದ್ದಾರೆ ಎಂಬುದು. ಎರಡು, ಅವ್ವ ಇದ್ದಾಗ ಏನು ನಡೆಯಿತು ಎಂಬುದು. ಮೂರು, ಹೊಲ, ಮನೆ, ಬಂಗಾರ. ಮೂರನ್ನೂ ಒಂದೇ ದಿನ, ಒಂದೇ ಮಾತಿನಲ್ಲಿ ಎತ್ತಿದ ಮನೆಗಳಲ್ಲಿ ಮೂರೂ ಕೆಡುತ್ತವೆ. ಅಪ್ಪನ ಕಿವಿಗೆ "ಯಾಕೆ ಮುಚ್ಚಿಟ್ಟೆ" ಎಂಬುದು "ಆಸ್ತಿ ಎಲ್ಲಿ ಹೋಗುತ್ತದೆ" ಎಂದೇ ಕೇಳಿಸುತ್ತದೆ, ಅಲ್ಲಿಂದ ಮುಂದೆ ಅವರು ಬಾಯಿ ಬಿಡುವುದಿಲ್ಲ. ಆದ್ದರಿಂದ ಮೂರಕ್ಕೂ ಬೇರೆ ಬೇರೆ ದಿನ ಇಟ್ಟುಕೊಳ್ಳಿ.

ಹೆಚ್ಚು ಹೆದರಿಸಿದ್ದು ಹುಡುಗನ ವಿಷಯ ಅನಿಸುತ್ತದೆ, ಅದನ್ನೇ ಮೊದಲು ಮುಗಿಸೋಣ. ಹುಡುಗ ಹುಟ್ಟಿದಾಗ ಆಕೆಯ ಗಂಡ ಬದುಕಿದ್ದರು, ಮದುವೆ ಊರ್ಜಿತದಲ್ಲಿತ್ತು. ಇಂಥ ಮಗು ಕಾನೂನಿನ ಕಣ್ಣಲ್ಲಿ ಆ ಗಂಡನದೇ. ಹಳೆಯ ಸಾಕ್ಷ್ಯ ಕಾಯ್ದೆಯ 112ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ ಹೇಳುವುದು ಇದನ್ನೇ. ಗರ್ಭ ನಿಂತಿರಬಹುದಾದ ಕಾಲದಲ್ಲಿ ಗಂಡ ಹೆಂಡತಿ ಕೂಡಲು ಅವಕಾಶವೇ ಇರಲಿಲ್ಲ ಎಂದು ರುಜುವಾತು ಮಾಡಿದರೆ ಮಾತ್ರ ಆ ಊಹೆ ಮುರಿಯುತ್ತದೆ. ಗಂಡ ಅದೇ ಮನೆಯಲ್ಲಿ ಬಾಳಿದ್ದರೆ ಇದನ್ನು ರುಜುವಾತು ಮಾಡುವುದು ಹೆಚ್ಚುಕಡಿಮೆ ಅಸಾಧ್ಯ. ಹೊರಗಿನ ಸಂಬಂಧ ಇತ್ತು ಎಂದು ತೋರಿಸಿದರೂ ಅಷ್ಟರಿಂದಲೇ ಊಹೆ ಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಮತ್ತೊಮ್ಮೆ ಹೇಳಿದೆ. ಸುಮ್ಮನೆ ಅನುಮಾನದ ಮೇಲೆ ಡಿಎನ್‌ಎ ಪರೀಕ್ಷೆಗೆ ಆದೇಶವೂ ಸಿಗುವುದಿಲ್ಲ. ಅಂದರೆ ರಕ್ತದ ಸತ್ಯ ಏನೇ ಇರಲಿ, ಈಗಿನ ಸ್ಥಿತಿಯಲ್ಲಿ ಆ ಹುಡುಗ ನಿಮ್ಮ ಅಪ್ಪನ ವಾರಸದಾರನಲ್ಲ, ತನ್ನ ತಂದೆಯ ವಾರಸದಾರ.

ಅಪ್ಪ ಆಕೆಯನ್ನು ಮದುವೆಯಾದರೂ ಇದು ಬದಲಾಗುವುದಿಲ್ಲ. ಹೆಂಡತಿಯ ಮೊದಲ ಗಂಡನ ಮಕ್ಕಳು ಮಲತಂದೆಯ ಆಸ್ತಿಗೆ ವಾರಸದಾರರಾಗುವುದಿಲ್ಲ. ದತ್ತಕ ತೆಗೆದುಕೊಂಡರೆ? 1956ರ ದತ್ತಕ ಕಾಯ್ದೆಯ ಪ್ರಕಾರ ಮಗ ಬದುಕಿರುವಾಗ ಇನ್ನೊಬ್ಬ ಗಂಡು ಮಗುವನ್ನು ದತ್ತಕ ಪಡೆಯುವಂತಿಲ್ಲ, ನಿಮ್ಮ ಅಣ್ಣ ಇದ್ದಾನೆ. ಆ ಹುಡುಗನಿಗೆ ಏನಾದರೂ ಬರಬೇಕೆಂದರೆ ಅಪ್ಪ ತಮ್ಮ ಸ್ವಂತದ್ದರಿಂದ ಬಕ್ಷೀಸ್ ಪತ್ರದಲ್ಲೋ ಮೃತ್ಯುಪತ್ರದಲ್ಲೋ ಬರೆದುಕೊಡಬೇಕು. ಫೀ ಕಟ್ಟುತ್ತಿರುವುದು ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ.

ಇಷ್ಟು ತಿಳಿದ ಮೇಲೆ, ಅತ್ತೆಯ ಮಾತನ್ನು ಬೆನ್ನಟ್ಟಿ ಹೋಗುವ ಅಗತ್ಯ ನಿಮಗಿಲ್ಲ. ಹುಡುಗನನ್ನು ಹುಡುಕಿಕೊಂಡು ಹೋಗಿ ಕೇಳುವುದು, ಫೋಟೊ ಇಟ್ಟುಕೊಂಡು ಮುಖ ಹೋಲಿಸುವುದು ಬೇಡ. ಅವನಿಗೂ ಒಬ್ಬ ತಂದೆ ಇದ್ದರು, ಅವರ ನೆನಪು ಅವನ ಪಾಲಿಗೆ ಉಳಿಯಲಿ. "ಇರಬಹುದು" ಎಂದು ತೇಲಿಸಿದ ಮಾತಿಗೆ ಅತ್ತೆಯವರಲ್ಲಿ ಆಧಾರ ಇದ್ದಂತೆ ಕಾಣುವುದಿಲ್ಲ. ಮತ್ತೆ ಎತ್ತಿದರೆ, "ಅತ್ತೀ, ಇದನ್ನ ನಾನೂ ಅಪ್ಪನೂ ಕೂತು ಮಾತಾಡ್ತೀವಿ, ನೀವು ಯಾರ ಮುಂದೂ ಆಡಬ್ಯಾಡ್ರಿ" ಎಂದು ಮುಗಿಸಿಬಿಡಿ.

ಇನ್ನು ಅಪ್ಪನ ಜೊತೆಗಿನ ಮೊದಲ ಮಾತು. ಇದು ನೀವು ಮತ್ತು ಅವರು ಇಬ್ಬರೇ ಇದ್ದಾಗ ಆಗಬೇಕು. ನಿಮ್ಮ ಯಜಮಾನರು ಬೇಡ, ಮಕ್ಕಳು ಬೇಡ, ಫೋನಿನಲ್ಲಂತೂ ಬೇಡವೇ ಬೇಡ. ಹಬ್ಬ, ಅವ್ವನ ತಿಥಿ, ಬನಶಂಕರಿ ಜಾತ್ರೆಗೆ ನೆಂಟರು ಬರುವ ದಿನಗಳನ್ನು ಬಿಟ್ಟು ಒಂದು ಸಾದಾ ಮುಂಜಾನೆ ಆರಿಸಿ, ಚಹಾ ಆದ ಮೇಲೆ ಕೂತುಕೊಳ್ಳಿ. ಮುಕ್ಕಾಲು ಗಂಟೆಗಿಂತ ಎಳೆಯಬೇಡಿ.

ಇಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಮೊದಲು ಕೇಳುತ್ತಾರೆ: "ಅಪ್ಪಾ, ಜಮಖಂಡ್ಯಾಗ ನಿನಗ ಯಾರರ ಗೊತ್ತದಾರೇನು?" ಮರ್ಯಾದೆಗೆ ಅಂಜುವ ಮಾಸ್ತರರು ಆ ಗಳಿಗೆಯಲ್ಲಿ "ಯಾರೂ ಇಲ್ಲ" ಎನ್ನುತ್ತಾರೆ. ಆಮೇಲೆ ಅವರು ಆ ಸುಳ್ಳನ್ನು ಕಾಪಾಡಿಕೊಳ್ಳಬೇಕು, ನೀವು ಅದನ್ನು ಮುರಿಯಬೇಕು. ಮಾತು ಪಂಚಾಯ್ತಿ ಕಟ್ಟೆಯ ಪಾಟೀಸವಾಲಾಗಿ ಹೋಗುತ್ತದೆ. ಅದರ ಬದಲು ಗೊತ್ತಿರುವುದನ್ನು ನೀವೇ ನೇರ ಹೇಳಿ: "ಅಪ್ಪಾ, ನಿನ್ನ ಮೊಬೈಲ್‌ನ್ಯಾಗ ಜಮಖಂಡಿಯವರಿಗೆ ತಿಂಗಳಾ ರೊಕ್ಕ ಹೋಗೂದು ಕಂಡೇನಿ. ಬೇಕಂತ ನೋಡಿದ್ದಲ್ಲ. ಜಗಳಾ ಮಾಡಾಕ ಬಂದಿಲ್ಲ, ಅವರ ವಿಷಯ ನಿನ್ನ ಬಾಯಿಂದನ ಕೇಳಬೇಕು ಅಂತ ಬಂದೇನಿ." ಇಷ್ಟು ಹೇಳಿ ಸುಮ್ಮನಿರಿ. ಅವರು ಎದ್ದು ಹೊರಗೆ ಹೋದರೆ ಹೋಗಲಿ, ಬೆನ್ನ ಹಿಂದೆ ಕೂಗಬೇಡಿ. ಅದೇ ದಿನ ಸಂಜೆಗೋ ನಾಲ್ಕು ದಿನ ಬಿಟ್ಟೋ ತಾವೇ ಮಾತು ತೆಗೆಯುತ್ತಾರೆ. ಆ ದಿನ ಹೊಲ, ಬಂಗಾರ, ಹುಡುಗ ಈ ಮೂರು ಶಬ್ದ ನಿಮ್ಮ ಬಾಯಿಂದ ಬರಬಾರದು. ಮೊಬೈಲಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದರೆ ತೋರಿಸಬೇಡಿ, ಇನ್ನೊಮ್ಮೆ ಅವರ ಫೋನ್ ತೆರೆದು ನೋಡಲೂಬೇಡಿ.

ಅಣ್ಣನಿಗೆ ಹೇಳಲೇಬೇಕು, ಆದರೆ ಅಪ್ಪನ ನಂತರ. ಅಪ್ಪನಿಗೆ ಒಂದು ಗಡುವು ಕೊಡಿ: "ಅಣ್ಣಗ ನೀನ ಹೇಳು, ಹದಿನೈದು ದಿವಸ ನಾ ಏನೂ ಹೇಳೂದಿಲ್ಲ." ಗಡುವು ಮುಗಿದ ಮೇಲೂ ಅವರು ಹೇಳದಿದ್ದರೆ ನೀವು ಹೇಳಿ. ಅಣ್ಣ ತಂಗಿಯರ ನಡುವೆ ಕೋರ್ಟು ಕಚೇರಿ ಹತ್ತುವ ಎಷ್ಟೋ ದಾವೆಗಳ ಬೇರು ಆಸ್ತಿಯಲ್ಲಿ ಇರುವುದಿಲ್ಲ, "ನಿನಗೆ ಮೊದಲೇ ಗೊತ್ತಿತ್ತು, ನೀನೂ ಅಪ್ಪನೂ ಸೇರಿ ಮುಚ್ಚಿಟ್ಟಿರಿ" ಎಂಬ ಒಂದು ಮಾತಿನಲ್ಲಿ ಇರುತ್ತದೆ. ಊರಲ್ಲೇ ಇರುವ ಮಗಳ ಮೇಲೆ ಈ ಆರೋಪ ಬೇಗ ಬರುತ್ತದೆ. ಗಂಡನ ಮನೆಯವರಿಗೆ ಸದ್ಯ ಹೇಳುವ ಅಗತ್ಯವಿಲ್ಲ. ಯಜಮಾನರಿಗೆ ಹೇಳಿದರೂ ಅದು ಅವರಲ್ಲೇ ಉಳಿಯಲಿ.

ಅವ್ವ ಬದುಕಿದ್ದಾಗಿನ ಪ್ರಶ್ನೆಗೆ ಕಾಯ್ದೆಯಲ್ಲಿ ಮದ್ದಿಲ್ಲ. ಪರಸಂಬಂಧ 2018ರಿಂದ ಅಪರಾಧವೂ ಅಲ್ಲ. ನಿಮ್ಮ ಸಿಟ್ಟು ಮಾತ್ರ ನಿಜವಾದದ್ದು, ಅವ್ವನ ಪರವಾಗಿ ಕೇಳುವವರು ಇನ್ಯಾರೂ ಇಲ್ಲ ಎಂಬ ಸಂಕಟವೂ ಅದರಲ್ಲಿದೆ. ಎರಡನೆಯದೋ ಮೂರನೆಯದೋ ಸಲ ಮಾತಾಡುವಾಗ ಒಂದೇ ಒಂದು ಸಾರಿ ಕೇಳಿ: "ಅವ್ವಗ ಗೊತ್ತಿತ್ತೇನು?" ಈ ಪ್ರಶ್ನೆಗೆ ಉತ್ತರ ಕೇಳುವ ಹಕ್ಕು ಮಗಳಿಗಿದೆ ಎಂಬುದು ನಮ್ಮ ಅಭಿಪ್ರಾಯ. ಎಂದಿನಿಂದ, ಎಲ್ಲಿ, ಹೇಗೆ ಎಂಬ ವಿವರ ಕೇಳುವ ಹಕ್ಕಿಲ್ಲ, ಕೇಳಿಸಿಕೊಂಡರೆ ನಿಮಗೇ ಅದನ್ನು ಹೊತ್ತು ತಿರುಗುವುದು ಕಷ್ಟ. ಸ್ನೇಹ, ಸಾಲ, ಗಂಡ ಸತ್ತ ಮನೆಗೆ ಸಹಾಯ ಎಂದು ಶುರುವಾದದ್ದನ್ನು ಊರು ತನ್ನ ಲೆಕ್ಕದಲ್ಲಿ ಹಿಂದಕ್ಕೆ ಎಳೆದು ಹೇಳುವುದೂ ಉಂಟು.

ಆದರೆ ಹಿಂದಿನ ಕಾಲದ ಒಂದು ಸಂಗತಿ ಕಾಯ್ದೆಗೆ ಮುಖ್ಯ. ಅವ್ವ ಇದ್ದಾಗಲೇ ಎಲ್ಲಾದರೂ ಗುಡಿಯಲ್ಲಿ ತಾಳಿ ಕಟ್ಟಿದ್ದರೆ ಆ ಮದುವೆ ಅನೂರ್ಜಿತ. ಅವ್ವ ತೀರಿಕೊಂಡ ಮಾತ್ರಕ್ಕೆ ಅದು ಊರ್ಜಿತ ಆಗುವುದಿಲ್ಲ, ಈಗ ಹೊಸದಾಗಿ ಮದುವೆಯಾಗಬೇಕು. ಆ ಸಂಬಂಧದಲ್ಲಿ ಅಪ್ಪನಿಗೆ ಮಕ್ಕಳಾಗಿದ್ದರೆ ಅವರು ಹಿಂದೂ ವಿವಾಹ ಕಾಯ್ದೆಯ 16ನೇ ಕಲಂ ಪ್ರಕಾರ ಔರಸರು, ಅಂದರೆ ಕಾನೂನುಬದ್ಧ ಮಕ್ಕಳು, ಅಪ್ಪನ ಪಾಲಿಗೆ ಬಂದದ್ದರಲ್ಲಿ ಅವರಿಗೂ ಪಾಲುಂಟು, 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ನಿಮ್ಮ ಪತ್ರದ ಹುಡುಗನಿಗೆ ಇದು ತಾಗುವುದಿಲ್ಲ, ಅವನು ಹುಟ್ಟಿದ್ದು ಆಕೆಯ ಸ್ವಂತ ಗಂಡನ ಸಂಸಾರದಲ್ಲಿ.

ಮುಂದಕ್ಕೆ ಹೋಗುವ ಮೊದಲು ಅಪ್ಪ ಮೋಸ ಹೋಗುತ್ತಿಲ್ಲ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಿ. ತಿಂಗಳಿಗೆ ಒಂದೇ ಮೊತ್ತ, ಗುರುತಿನ ಮನುಷ್ಯರು, ಅದೇ ಜಿಲ್ಲೆಯ ತಾಲ್ಲೂಕು, ಕಾಲೇಜಿನ ಫೀ. ಇವೆಲ್ಲ ಸಂಸಾರದ ಲಕ್ಷಣವೇ ಹೊರತು ವಂಚನೆಯದಲ್ಲ. ಮೊತ್ತ ಏರುತ್ತಲೇ ಹೋಗುವುದು, ಮೂರನೆಯವರ ಖಾತೆಗೆ ಹಣ ಹೋಗುವುದು, ಪಿಂಚಣಿ ಮೇಲೆ ಸಾಲ ಎತ್ತುವುದು, ಠೇವಣಿ ಮುರಿಸುವುದು, "ಮುಖತ್ಯಾರಪತ್ರಕ್ಕೆ ಬೇಗ ಸಹಿ ಮಾಡಿ" ಎಂಬ ಅವಸರ, ಮುಖಾಮುಖಿ ಭೇಟಿಯೇ ಇಲ್ಲದಿರುವುದು ಅಪಾಯದ ಗುರುತು. ಆನ್‌ಲೈನ್ ಪರಿಚಯದ ವಂಚನೆಯಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನು ಆಸ್ತಿ. ಇಲ್ಲಿ ಎಲ್ಲವೂ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: 9 ಎಕರೆ ಅಜ್ಜನಿಗೆ ಹೇಗೆ ಬಂತು? ನಮ್ಮ ಕಡೆ "ಅಜ್ಜನ ಹೊಲ" ಅಂದರೆ ಸಾಕು, ಪಿತ್ರಾರ್ಜಿತ ಎಂದುಬಿಡುತ್ತಾರೆ. ಅದು ಸರಿಯಲ್ಲ. ಅಜ್ಜ ತನ್ನ ದುಡಿಮೆಯಿಂದ ಕೊಂಡ ಹೊಲವಾಗಿದ್ದು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ನಂತರ ಅವರು ತೀರಿಕೊಂಡು ಅದು ಅಪ್ಪನಿಗೆ ವಾರಸಾ ಬಂದಿದ್ದರೆ, ಅದು ಅಪ್ಪನ ಸ್ವಂತ ಆಸ್ತಿ. ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದ ಮಾತಿದು. ಆಗ ನಿಮಗೂ ಅಣ್ಣನಿಗೂ ಹುಟ್ಟಿನಿಂದ ಬಂದ ಹಕ್ಕಿಲ್ಲ, ಅಪ್ಪ ಯಾರಿಗೆ ಬೇಕಾದರೂ ಬರೆಯಬಹುದು. ಮುತ್ತಜ್ಜನಿಂದ ಇಳಿದು ಬಂದ ಒಟ್ಟು ಕುಟುಂಬದ ಹೊಲವಾಗಿದ್ದರೆ ಮಾತು ಬೇರೆ. ಅದರಲ್ಲಿ ಅಪ್ಪ, ಅಣ್ಣ, ನೀವು ಮೂವರೂ ಸಮಪಾಲುದಾರರು. ಆ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಈ ಹಕ್ಕು ಕೊಟ್ಟಿತು, ಮದುವೆಯಾದ ಹೆಣ್ಣುಮಕ್ಕಳಿಗೂ ಸೇರಿ. ಸುಪ್ರೀಂ ಕೋರ್ಟಿನ 2020ರ ತೀರ್ಪು ಅದನ್ನು ಗಟ್ಟಿ ಮಾಡಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೊಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ವಾಟ್ನಿ (ಆಸ್ತಿ ವಿಭಜನೆ) ಆಗಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ.

ಕಾಗದಗಳನ್ನು ಈ ಸಾಲಿನಲ್ಲಿ ತೆಗೆಸಿ: ಅವ್ವನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಈಗಿನ ಉತಾರ (ಪಹಣಿ), ಆಮೇಲೆ ತಹಶೀಲ್ದಾರ್ ಕಚೇರಿಯ ದಾಖಲೆ ಕೋಣೆಯಿಂದ ಹಳೆಯ ಉತಾರ ಮತ್ತು ಡೈರಿ (ಹಕ್ಕು ಬದಲಾವಣೆಯ ದಾಖಲೆ). ಈ ಹಳೆಯ ಡೈರಿಯಲ್ಲಿ "ವಾರಸಾ", "ವಾಟ್ನಿ", "ಖರೀದಿ" ಎಂದು ಬರೆದಿರುವ ಒಂದು ಶಬ್ದವೇ ನಿಮ್ಮ ಪ್ರಶ್ನೆಯನ್ನು ಅರ್ಧ ಬಗೆಹರಿಸುತ್ತದೆ. ಋಣಭಾರ ಪ್ರಮಾಣಪತ್ರ 2004ರ ಏಪ್ರಿಲ್‌ನಿಂದ ಈಚಿನದು ಆನ್‌ಲೈನಿನಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಸಬ್‌ರಜಿಸ್ಟ್ರಾರ್ ಕಚೇರಿಗೆ ಹೋಗಬೇಕು.

ಮನೆಯದು ಇನ್ನಷ್ಟು ಸಿಕ್ಕು. ಮುಳುಗಡೆಯಾದ ಜಮೀನು ಒಟ್ಟು ಕುಟುಂಬದ್ದಾಗಿದ್ದರೆ ಅದರ ಪರಿಹಾರವೂ ಒಟ್ಟು ಕುಟುಂಬದ್ದೇ, ಆ ಹಣದಲ್ಲಿ ಕಟ್ಟಿದ ಮನೆಯೂ ಅದರ ಬೆನ್ನಿಗೇ ಹೋಗುತ್ತದೆ. ಆದರೆ ನವನಗರದ ಬಹಳ ಮನೆಗಳಲ್ಲಿ ಪರಿಹಾರದ ಜೊತೆ ಪಗಾರ, ಪಿ.ಎಫ್., ಬ್ಯಾಂಕ್ ಸಾಲವೂ ಬೆರೆತಿದೆ. ಭೂಸ್ವಾಧೀನ ಕಚೇರಿಯಿಂದ ಅವಾರ್ಡಿನ (ಪರಿಹಾರ ಗೊತ್ತುಮಾಡಿದ ಆದೇಶದ) ನಕಲು, ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ (ಬಿಟಿಡಿಎ) ಕೊಟ್ಟ ನಿವೇಶನದ ಹಕ್ಕುಪತ್ರ, ಸಾಲ ತೀರಿಸಿದ ಪಾಸ್‌ಬುಕ್ ಇವು ಮೂರೂ ಇದ್ದರೆ ವಕೀಲರು ಎಷ್ಟು ಯಾವುದರಿಂದ ಬಂತು ಎಂದು ಹೇಳಬಲ್ಲರು. ಹಕ್ಕುಪತ್ರದಲ್ಲಿ ಅಪ್ಪನ ಹೆಸರೊಂದೇ ಇದೆ ಎಂಬುದರಿಂದ ಅದು ಅವರ ಸ್ವಂತದ್ದು ಎಂದು ತೀರ್ಮಾನವಾಗುವುದಿಲ್ಲ. ಹಾಗೆಂದು ಒಟ್ಟು ಕುಟುಂಬದ್ದು ಎನ್ನುವವರೇ ಅದನ್ನು ರುಜುವಾತು ಮಾಡಬೇಕು.

ಹೊಲ ಪಿತ್ರಾರ್ಜಿತ ಎಂದೇ ಇಟ್ಟುಕೊಂಡು ಲೆಕ್ಕ ಮಾಡೋಣ. ಅಪ್ಪ ಮದುವೆಯಾಗದೆ, ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ನಿಮಗೂ ಅಣ್ಣನಿಗೂ ನಾಲ್ಕೂವರೆ ನಾಲ್ಕೂವರೆ ಎಕರೆ. ಮದುವೆಯಾಗಿ, ವಾಟ್ನಿಯೂ ಮೃತ್ಯುಪತ್ರವೂ ಇಲ್ಲದೆ ತೀರಿಕೊಂಡರೆ? ಹಳೆಯ ಮುಂಬೈ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗದಲ್ಲಿ, ತಂದೆ ಮಕ್ಕಳ ನಡುವೆ ಪಾಲಾಗುವಾಗ ತಂದೆಯ ಹೆಂಡತಿಗೂ ಒಂದು ಪಾಲು ಇಡುವುದು ಕಾಯ್ದೆಯ ರೂಢಿ. ಹಾಗಾಗಿ ಮೊದಲು ನಾಲ್ಕು ಪಾಲು, ಒಂದೊಂದು ಎರಡೂಕಾಲು ಎಕರೆ. ಆಮೇಲೆ ಅಪ್ಪನ ಎರಡೂಕಾಲು ಎಕರೆ ಮತ್ತೆ ಮೂವರಿಗೆ. ಕೊನೆಗೆ ಆಕೆಗೆ 3 ಎಕರೆ, ಅಣ್ಣನಿಗೆ 3, ನಿಮಗೆ 3. ಇನ್ನು ಮದುವೆಗೆ ಮೊದಲೇ ನೊಂದಾಯಿತ ವಾಟ್ನಿ ಮಾಡಿಕೊಂಡರೆ ಮೂವರಿಗೂ 3 ಎಕರೆ ಬಂದು ನಿಲ್ಲುತ್ತದೆ. ಮುಂದೆ ಅಪ್ಪನ 3 ಎಕರೆಯಷ್ಟೇ ಮೂವರಿಗೆ ಹಂಚಿಕೆಯಾಗುತ್ತದೆ: ಆಕೆಗೆ 1, ನಿಮಗೆ ಒಟ್ಟು 4, ಅಣ್ಣನಿಗೆ ಒಟ್ಟು 4. ವಾಟ್ನಿ ಮೊದಲೋ ಮದುವೆ ಮೊದಲೋ ಎಂಬುದರಿಂದ ಇಷ್ಟು ಅಂತರ ಬರುತ್ತದೆ. ಅದಕ್ಕೇ ಗುಟ್ಟಾಗಿ ಆಗುವ ಮದುವೆಗಿಂತ ಎಲ್ಲರಿಗೂ ತಿಳಿದು ಆಗುವ ಮದುವೆ ಮಕ್ಕಳಿಗೇ ಲಾಭ. ಅಪ್ಪ ತಮ್ಮ ಪಾಲನ್ನು ಮೃತ್ಯುಪತ್ರದಲ್ಲಿ ಬೇರೆ ಬಗೆಯಾಗಿ ಹಂಚಲು ಸ್ವತಂತ್ರರು, ಇಡೀ 9 ಎಕರೆಯನ್ನಲ್ಲ.

ಇದನ್ನು ಓದಿ "ಹಾಗಾದರೆ ಮದುವೆಗೆ ಮೊದಲು ಎಲ್ಲವನ್ನೂ ನಮ್ಮ ಹೆಸರಿಗೆ ಬರೆಸಿಕೊಂಡುಬಿಡೋಣ" ಎಂದು ಅಣ್ಣ ಹೇಳಬಹುದು. ಬೇಡ. ಅಪ್ಪನ ಪಾಲು ಅಪ್ಪನ ಹೆಸರಲ್ಲೇ ಇರಲಿ. ಒತ್ತಾಯದಿಂದ ಬರೆಸಿಕೊಂಡ ಬಕ್ಷೀಸ್ ಪತ್ರ ಕೋರ್ಟಿನಲ್ಲಿ ರದ್ದಾಗಬಹುದು. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಬರೆಸಿಕೊಂಡು ಆಮೇಲೆ ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅಡಿ ಉಪವಿಭಾಗಾಧಿಕಾರಿಗಳ ಮುಂದಿನ ನ್ಯಾಯಮಂಡಳಿ ಅದನ್ನು ಅನೂರ್ಜಿತ ಎಂದು ಸಾರಬಹುದು. ಅದಕ್ಕೂ ಮಿಗಿಲಾಗಿ, ಕೈಯಲ್ಲಿ ಏನೂ ಇಲ್ಲದ ಅಪ್ಪನಿಗೆ ಯಾವ ಮನೆಯಲ್ಲೂ ಮಾತು ಇರುವುದಿಲ್ಲ. ಅದೇ ರೀತಿ ನೀವೂ, "ಅಣ್ಣ ಸುಮ್ಮನಾಗಲಿ" ಎಂದು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಬೇಡಿ. ಬಾಗಲಕೋಟೆ, ವಿಜಯಪುರ ಕಡೆಯ ಹೆಣ್ಣುಮಕ್ಕಳು ಇಂಥ ಗದ್ದಲದ ನಡುವೆಯೇ ಪಾಲು ಕಳೆದುಕೊಳ್ಳುತ್ತಾರೆ.

ಅವ್ವನ ಬಂಗಾರದ ಲೆಕ್ಕ ಸರಳ. ಅವ್ವ ಮೃತ್ಯುಪತ್ರ ಬರೆದಿರದಿದ್ದರೆ ಅದು ಅಪ್ಪ, ಅಣ್ಣ, ನೀವು ಮೂವರಿಗೂ ಸಮನಾಗಿ ಸೇರಿದ್ದು. ಅವ್ವನ ಹೆಸರಿನ ಠೇವಣಿಗೂ ಇದೇ ಹಂಚಿಕೆ, ನಾಮಿನಿ ಯಾರೇ ಇರಲಿ. ಬ್ಯಾಂಕಿನ ನಾಮಿನಿ ಹಣ ಪಡೆದು ವಾರಸದಾರರಿಗೆ ಹಂಚಬೇಕಾದವರು ಅಷ್ಟೇ. ಮೂವರೂ ಕೂಡಿ ಲಾಕರ್ ತೆಗೆಸಿ, ನಂಬಿಕೆಯ ಅಕ್ಕಸಾಲಿಗರಲ್ಲಿ ಒಂದೊಂದನ್ನೂ ತೂಗಿಸಿ, ವಸ್ತುವಿನ ಹೆಸರು, ಗ್ರಾಂ ಮತ್ತು ಫೋಟೊ ಸಹಿತ ಯಾದಿ ಮಾಡಿ, ಮೂವರ ಸಹಿ ಹಾಕಿ ಮೂರು ಪ್ರತಿ ಇಟ್ಟುಕೊಳ್ಳಿ. ಹಂಚಿಕೆ ಆಮೇಲಾದರೂ ನಡೆಯುತ್ತದೆ, ಯಾದಿ ಮಾತ್ರ ಈಗಲೇ ಆಗಬೇಕು. ಅವ್ವನ ಇಳಕಲ್ ಸೀರೆಗಳು, ಅಡುಗೆ ಮನೆಯ ಹಿತ್ತಾಳೆ ಕೊಡ, ಜಗಲಿಯ ಸಾಮಾನುಗಳಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಆದರೆ ಹೊಸಬರು ಮನೆಗೆ ಬಂದ ಮೇಲೆ ಮೊದಲ ಜಗಳ ಹತ್ತುವುದು ಹೊಲಕ್ಕಲ್ಲ, ಅವ್ವನ ಸೀರೆ ಆಕೆಯ ಮೈಮೇಲೆ ಕಂಡಾಗ. ಆ ಸೀರೆಗಳನ್ನು ನೀವು ಈಗಲೇ ಒಯ್ಯಿರಿ. ಇದಕ್ಕೆ ಅಪ್ಪ ಬೇಡ ಎನ್ನುವುದಿಲ್ಲ.

ಮದುವೆಯಾಗದೆ ಹೀಗೇ ಇದ್ದರೆ ನಮಗೆ ಸುರಕ್ಷಿತ ಎಂಬ ಯೋಚನೆ ಬಂದಿರಬಹುದು. ಅದು ಅರ್ಧ ಸತ್ಯ. ಸಂಗಾತಿಗೆ ವಾರಸಾ ಹಕ್ಕಿಲ್ಲ, ನಿಜ. ಆದರೆ ಇಬ್ಬರೂ ಮದುವೆಗೆ ಅರ್ಹರಾಗಿದ್ದು, ಗಂಡ ಹೆಂಡತಿಯಂತೆ ಒಂದೇ ಸೂರಿನಡಿ ಬಾಳಿದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಆಕೆಗೆ ವಾಸದ ಮತ್ತು ನಿರ್ವಹಣೆಯ ರಕ್ಷಣೆ ಕೊಡುತ್ತದೆ. ಬಹುಕಾಲ ಹಾಗೆ ಬಾಳಿದರೆ ಮದುವೆಯೇ ಆಗಿದೆ ಎಂದು ಕೋರ್ಟು ಊಹಿಸಲೂಬಹುದು. ಇಲ್ಲಿಯ ಇನ್ನೊಂದು ರೂಢಿ ಉಡಿಕಿ. ನಾಲ್ಕು ಹಿರಿಯರ ಮುಂದೆ ಸೀರೆ ಉಡಿಸಿ ಕರೆದುಕೊಂಡು ಬರುವುದು. ಜಾತಿಯ ರೂಢಿ ಎಂದು ರುಜುವಾತಾದರೆ ಅದೂ ಊರ್ಜಿತ ಮದುವೆಯೇ. ಆದರೆ ಸಾಕ್ಷಿ ಹೇಳಬೇಕಾದ ಆ ಹಿರಿಯರು ಹತ್ತು ವರ್ಷದ ಮೇಲೆ ಇರುವುದಿಲ್ಲ, ಆಗ ಇತ್ತು ಇಲ್ಲ ಎಂದು ಎರಡೂ ಮನೆಯವರು ಎಳೆದಾಡುತ್ತಾರೆ.

ಮದುವೆ ಎಂದಾದರೆ ನೊಂದಣಿ ಆಗಲಿ. ವಿಶೇಷ ವಿವಾಹ ಕಾಯ್ದೆಯಡಿಯಾದರೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ನೋಟಿಸು ಕೊಟ್ಟ ಮೇಲೆ 30 ದಿನ ಅದು ಕಚೇರಿಯಲ್ಲಿ ಅಂಟಿಸಿರುತ್ತದೆ, ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು, ನೋಟಿಸಿನ ದಿನದಿಂದ ಮೂರು ತಿಂಗಳೊಳಗೆ ಮುಗಿಸಬೇಕು. ಗುಟ್ಟು ಕಾಯಬೇಕೆನ್ನುವವರಿಗೆ ಈ ಅಂಟಿಸುವ ನೋಟಿಸೇ ತೊಡಕು. ಗುಡಿಯಲ್ಲೋ ಮನೆಯಲ್ಲೋ ಶಾಸ್ತ್ರ ಮಾಡಿಕೊಂಡು ಹಿಂದೂ ವಿವಾಹವಾಗಿ ನೊಂದಾಯಿಸಿದರೆ ಈ ಕಾಯುವಿಕೆ ಇಲ್ಲ. ಎರಡರಲ್ಲೂ ಅವ್ವನ ಮತ್ತು ಆಕೆಯ ಗಂಡನ ಮರಣ ಪ್ರಮಾಣಪತ್ರ ಬೇಕು. ಆ ಎರಡನೆಯದನ್ನು ನಿಮ್ಮ ವಕೀಲರು ಕಣ್ಣಾರೆ ನೋಡಲಿ. ಗಂಡ "ತೀರಿಕೊಂಡರಂತೆ" ಎಂದು ನೀವೇ ಬರೆದಿದ್ದೀರಿ, ಬಿಟ್ಟುಹೋದವರನ್ನೂ ಊರಲ್ಲಿ ತೀರಿಕೊಂಡವರೆಂದೇ ಹೇಳುವುದುಂಟು. ಆತ ಬದುಕಿದ್ದು ವಿಚ್ಛೇದನ ಆಗಿರದಿದ್ದರೆ ಈ ಮದುವೆ ನಿಲ್ಲುವುದಿಲ್ಲ. ಪಿಂಚಣಿ ಬರುತ್ತಿರುವುದರಿಂದ ಮರಣದ ದಾಖಲೆ ಇದ್ದೇ ಇರುತ್ತದೆ.

ಗುಟ್ಟಿನ ನಿಜವಾದ ಕಾರಣ ಪ್ರಾಯಶಃ ಆ ಪಿಂಚಣಿಯೇ. ವಿಧವೆಗೆ ಬರುವ ಕುಟುಂಬ ಪಿಂಚಣಿ ಸಾಮಾನ್ಯವಾಗಿ ಮರುಮದುವೆಯ ದಿನಕ್ಕೆ ನಿಲ್ಲುತ್ತದೆ, ಮರುಮದುವೆ ಆಗಿಲ್ಲ ಎಂದು ಅವರು ಆಗಾಗ ಬರೆದುಕೊಡಬೇಕಾಗುತ್ತದೆ. ಮುಚ್ಚಿಟ್ಟು ಪಡೆದರೆ ಪಡೆದದ್ದೆಲ್ಲ ವಸೂಲಿ. ಅಂದರೆ ಮದುವೆಯಿಂದ ಆಕೆ ಕೈಯಲ್ಲಿದ್ದ ಆದಾಯವೊಂದನ್ನು ಬಿಟ್ಟು ಬರಬೇಕು. ಮಗನ ಓದು ಮುಗಿಯದ ತಾಯಿಗೆ ಇದು ಸಣ್ಣ ಮಾತಲ್ಲ, ಆಸ್ತಿಗಾಗಿ ಬೆನ್ನು ಹತ್ತಿದ್ದಾರೆ ಎಂದು ನಿರ್ಧರಿಸುವ ಮೊದಲು ಇದನ್ನೂ ತೂಗಿ ನೋಡಿ. ಮೊದಲ ಗಂಡನಿಂದ ವಾರಸಾ ಬಂದ ಆಸ್ತಿಯನ್ನು ಮಾತ್ರ ಮರುಮದುವೆಯಾದರೂ ಆಕೆ ಕಳೆದುಕೊಳ್ಳುವುದಿಲ್ಲ. ಇನ್ನೊಂದು ಕಡೆ, ನಿವೃತ್ತಿಯ ನಂತರ ಮದುವೆಯಾದ ಹೆಂಡತಿ ಎಂಬ ಒಂದೇ ಕಾರಣಕ್ಕೆ ಕುಟುಂಬ ಪಿಂಚಣಿ ನಿರಾಕರಿಸುವುದು ಸಲ್ಲದು ಎಂದು 1989ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೊಂದಣಿ ಪತ್ರ ಸಿಕ್ಕ ಕೂಡಲೇ ಅಪ್ಪ ತಮ್ಮ ಹಳೆಯ ಇಲಾಖೆಯ ಮೂಲಕ ಮಹಾಲೇಖಪಾಲರ ಕಚೇರಿಗೆ ಅರ್ಜಿ ಹಾಕಿ ಆಕೆಯ ಹೆಸರು ಸೇರಿಸಲಿ. ಈ ಪಿಂಚಣಿ ಮದುವೆಯಾದ ಮಗಳಿಗೂ ದುಡಿಯುವ ಮಗನಿಗೂ ಹೇಗೂ ಬರುವಂಥದ್ದಲ್ಲ. ನಿಮ್ಮ ಕೈಯಿಂದ ಒಂದು ಕಾಸು ಹೋಗದೆ ಆಕೆಯ ಮುಪ್ಪಿಗೆ ದಾರಿಯಾಗುತ್ತದೆ, ಹೊಲದ ಮೇಲಿನ ಒತ್ತಡವೂ ಇಳಿಯುತ್ತದೆ.

ಕೊನೆಯ ಕಾಗದ ಅಪ್ಪನ ಮೃತ್ಯುಪತ್ರ. ಇದಕ್ಕೆ ಸ್ಟ್ಯಾಂಪ್ ಬೇಡ, ನೊಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಅಪ್ಪ ಸಹಿ ಮಾಡುವುದನ್ನು ಕಂಡ ಇಬ್ಬರು ಸಾಕ್ಷಿಗಳು ಅವರ ಎದುರಿಗೇ ಸಹಿ ಹಾಕಬೇಕು. ಸಾಕ್ಷಿಗಳು ಅಪ್ಪನಿಗಿಂತ ಚಿಕ್ಕವರಿರಲಿ, ಪಾಲು ಪಡೆಯುವವರಾಗಿರಬಾರದು. ಆ ವಾರದ್ದೇ ಒಂದು ವೈದ್ಯರ ಪ್ರಮಾಣಪತ್ರ ಜೊತೆಗಿಡಿ. "ಆಕೆಗೆ ಬದುಕಿರುವವರೆಗೆ ಮನೆ, ಆಮೇಲೆ ಮಕ್ಕಳಿಗೆ" ಎಂದು ಬರೆಯುವುದು ನಮ್ಮಲ್ಲಿ ರೂಢಿ, ಅದರಲ್ಲೊಂದು ಗುಂಡಿ ಇದೆ. ಹೆಂಡತಿಯ ಜೀವನಾಂಶದ ಬದಲಿಗೆ ಕೊಟ್ಟ ಸೀಮಿತ ಹಕ್ಕು ಹಿಂದೂ ಉತ್ತರಾಧಿಕಾರ ಕಾಯ್ದೆಯ 14(1) ಪ್ರಕಾರ ಪೂರ್ಣ ಮಾಲೀಕತ್ವ ಆಗಿಬಿಡಬಹುದು, 1977ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಈಚೆಗೆ ಎಷ್ಟೋ ಮನೆಗಳು ಇದರಲ್ಲಿ ಸಿಕ್ಕಿಕೊಂಡಿವೆ. ಜೀವನಾಂಶಕ್ಕೆಂದು ಒಂದು ಠೇವಣಿಯನ್ನು ಪೂರ್ಣ ಹಕ್ಕಿನಿಂದ ಆಕೆಯ ಹೆಸರಿಗೆ ಕೊಟ್ಟು, ಮನೆಯಲ್ಲಿ ಬರೀ ವಾಸದ ಹಕ್ಕು ಎಂದು ಬೇರೆಯಾಗಿ ಬರೆಸುವುದು ಮೇಲು. ಈ ವಾಕ್ಯವನ್ನು ಬಾಂಡ್ ರೈಟರ್ ಕೈಯಲ್ಲಿ ಬರೆಸಬೇಡಿ, ಸಿವಿಲ್ ವಕೀಲರಿಂದ ಬರೆಸಿ. ಹುಡುಗನ ಓದಿಗೆ ಇಷ್ಟು ಎಂದು ಅಪ್ಪ ಅದರಲ್ಲೇ ಬರೆಯಬಯಸಿದರೆ ಬರೆಯಲಿ. ಮೊತ್ತ ಬರೆದಿಟ್ಟಿದ್ದರೆ ಅಷ್ಟಕ್ಕೇ ಮುಗಿಯುತ್ತದೆ.

ಆಕೆಯನ್ನು ಭೇಟಿಯಾಗುವುದು ಅಪ್ಪ ಅಣ್ಣನಿಗೆ ಹೇಳಿದ ಮೇಲೆ, ಅಪ್ಪನೇ ಕರೆದುಕೊಂಡು ಬಂದಾಗ. ಹೇಳದೆ ಕೇಳದೆ ಜಮಖಂಡಿಗೆ ಹೋಗಿ ಬಾಗಿಲು ಬಡಿಯಬೇಡಿ. ಅಲ್ಲಿ ಆಕೆಯ ಗಂಡನ ಮನೆಯವರಿರಬಹುದು, ನೀವು ಮೆಟ್ಟಿಲಿಳಿಯುವಷ್ಟರಲ್ಲಿ ಆ ಓಣಿಗೆಲ್ಲ ಸುದ್ದಿ ಹಬ್ಬಿರುತ್ತದೆ.

ವಕೀಲರ ಖರ್ಚಿನ ಚಿಂತೆ ಇದ್ದರೆ ಬಾಗಲಕೋಟೆ ಜಿಲ್ಲಾ ನ್ಯಾಯಾಲಯದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ದಾವೆ ಹಾಕುವ ಮೊದಲೇ ಮೂವರನ್ನೂ ಕೂರಿಸಿ ರಾಜಿ ಮಾತುಕತೆಯನ್ನೂ ನಡೆಸಿಕೊಡುತ್ತಾರೆ. ಸಹಾಯವಾಣಿ 15100. ಹಿರಿಯರ ಸಹಾಯವಾಣಿ 14567 ಅಪ್ಪನಿಗೂ ಗೊತ್ತಿರಲಿ. ಹೋಗುವಾಗ ಉತಾರ, ಹಳೆಯ ಡೈರಿ, ಅವಾರ್ಡಿನ ನಕಲು, ವಂಶವೃಕ್ಷ ಇವುಗಳ ಝೆರಾಕ್ಸ್ ಒಯ್ಯಿರಿ, ಮೂಲ ಪ್ರತಿಗಳು ಮನೆಯಲ್ಲೇ ಇರಲಿ.